ಗಿಡದ ರೋಗವೂ ನಾಡಿನ ಹೊಣೆಯೂ

ನ್ಯಾಯಶಾಸ್ತ್ರದಲ್ಲಿ ಒಂದು ಹಳೆಯ ಸೂತ್ರವುಂಟು: ನಿನ್ನ ಸ್ವತ್ತನ್ನು ನೆರೆಯವನಿಗೆ ಹಾನಿಯಾಗದಂತೆ ಅನುಭವಿಸತಕ್ಕದ್ದು. ಕಾಲುವೆ, ಗೋಡೆ, ಹೊಗೆ, ಕೊಳಚೆ ಮೊದಲಾದ ವಿಷಯಗಳಲ್ಲಿ ಈ ಸೂತ್ರವನ್ನು ಹಿಡಿದು ನ್ಯಾಯಸ್ಥಾನಗಳಲ್ಲಿ ದಿನವೂ ವ್ಯಾಜ್ಯಗಳು ನಡೆಯುತ್ತಿರುತ್ತವೆ. ಆದರೆ ನೆರೆಯವನ ತೋಟದಲ್ಲಿ ಹುಟ್ಟಿದ ರೋಗವು ಬೇಲಿಯನ್ನು ದಾಟಿ ಬಂದು ನಮ್ಮ ತೋಟವನ್ನು ಹಾಳುಮಾಡಿದರೆ ಯಾರ ಮೇಲೆ ದಾವಾ ಹೂಡಬೇಕು? ಗಾಳಿಯ ಮೇಲೆಯೇ, ಹುಳುವಿನ ಮೇಲೆಯೇ, ನೆರೆಯವನ ಮೇಲೆಯೇ, ಅಥವಾ ಅವನಿಗೂ ನಮಗೂ ಸಕಾಲದಲ್ಲಿ ತಿಳಿವಳಿಕೆಯನ್ನು ಕೊಡದೆ ಹೋದ ಸರ್ಕಾರದ ಮೇಲೆಯೇ?

ಈ ಪ್ರಶ್ನೆಯನ್ನು ವಿನೋದಕ್ಕಾಗಿ ಎತ್ತಿದುದಲ್ಲ. ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಹೋಬಳಿಯಲ್ಲಿಯೂ ಸಕಲೇಶಪುರದ ಬೆಟ್ಟಸಾಲುಗಳಲ್ಲಿಯೂ ಸಾವಿರಾರು ಮನೆಗಳಿಗೆ ಕಾಫಿಯೇ ಜೀವನಾಧಾರ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಕರ್ಣಾಟಕದ್ದು. ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ೯೮ಕ್ಕೂ ಹೆಚ್ಚಿನವು ೧೦ ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದವು. ಕಾಫಿಯೆಂದೊಡನೆ ಬಂಗಲೆಯನ್ನೂ ಕ್ಲಬ್ಬನ್ನೂ ನೆನೆಯುವ ಬಯಲುಸೀಮೆಯ ಮಿತ್ರರು ಈ ಅಂಕಿಯನ್ನು ಮರೆಯಬಾರದು. ಎರಡು ಮೂರು ಎಕರೆಯ ತೋಟಗಳು ಒಂದಕ್ಕೊಂದು ತಾಗಿಕೊಂಡಿರುವಲ್ಲಿ ಸರ್ವೆಯ ಕಲ್ಲು ಮನುಷ್ಯನಿಗೆ ಮಾತ್ರ ಗಡಿ. ಹುಳುವಿಗೂ ಬೂಷ್ಟಿಗೂ ಅದು ಗಡಿಯಲ್ಲ.

ಅರೇಬಿಕಾ ಕಾಫಿಗೆ ಬರುವ ಬಿಳಿ ಕಾಂಡಕೊರಕವನ್ನೇ ನೋಡೋಣ. ಇದೊಂದು ಸಣ್ಣ ದುಂಬಿ. ಏಪ್ರಿಲ್-ಮೇ ತಿಂಗಳುಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮತ್ತೊಮ್ಮೆ ಇದು ಕಾಂಡದಿಂದ ಹೊರಬಂದು ಹಾರಾಡುತ್ತದೆ. ಬಿಸಿಲು ಬೀಳುವ ಗಿಡವೆಂದರೆ ಇದಕ್ಕೆ ಪ್ರೀತಿ. ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಟ್ಟರೆ ಮರಿಹುಳು ತೊಗಟೆಯ ಕೆಳಗೆ ತಿನ್ನುತ್ತ, ಬಳಿಕ ಕಟ್ಟಿಗೆಯೊಳಗೆ ಸುರಂಗವನ್ನು ಕೊರೆಯುತ್ತ ತಿಂಗಳುಗಟ್ಟಲೆ ಒಳಗೆ ವಾಸಮಾಡುವುದು. ಹೊರಗೆ ಕಾಣುವ ಗುರುತು ಕಾಂಡದ ಮೇಲಿನ ಉಬ್ಬುಗೆರೆ, ಎಲೆಗಳ ಹಳದಿ, ಗಿಡದ ಸೊರಗು, ಇಷ್ಟೇ. ಎಳೆಯ ಗಿಡವಾದರೆ ಒಂದು ವರ್ಷದಲ್ಲಿ ಸಾಯುವುದು. ಬಲಿತ ಗಿಡವು ಕೆಲವು ವರ್ಷ ನರಳುವುದು. ಹುಳು ಒಳಹೊಕ್ಕ ಗಿಡಕ್ಕೆ ಇಂದಿಗೂ ನಂಬತಕ್ಕ ಮದ್ದೆಂದರೆ ಒಂದೇ: ದುಂಬಿ ಹಾರುವ ಕಾಲಕ್ಕೆ ಮುಂಚೆ ಗಿಡಗಿಡವನ್ನೂ ತಪಾಸಣೆಮಾಡಿ, ಸೋಂಕಿದುದನ್ನು ಬುಡಸಹಿತ ಕಿತ್ತು ಸುಡುವುದು. ನೆರಳನ್ನು ಕಾಪಾಡುವುದು, ಕಾಂಡದ ಒರಟು ತೊಗಟೆಯನ್ನು ಉಜ್ಜಿ ತೆಗೆಯುವುದು, ಸುಣ್ಣದ ತಿಳಿಯನ್ನು ಬಳಿಯುವುದು ಇವೆಲ್ಲ ಹುಳು ಬಾರದಂತೆ ಮಾಡುವ ಉಪಾಯಗಳು.

ಈಗ ಒಬ್ಬ ಶ್ರದ್ಧಾವಂತನು ತನ್ನ ಗಿಡಗಳನ್ನು ಕಿತ್ತು ಸುಟ್ಟನೆಂದು ಇಟ್ಟುಕೊಳ್ಳೋಣ. ಅವನ ನೆರೆಯವನು ಕಿತ್ತ ಕಾಂಡಗಳನ್ನು ಸುಡದೆ ಸೌದೆಗೆಂದು ಅಂಗಳದಲ್ಲಿ ಒಟ್ಟಿದರೆ, ಅಥವಾ ಬೇಲಿಗೆ ಗೂಟವಾಗಿ ನೆಟ್ಟರೆ, ಒಳಗಿನ ಹುಳು ದುಂಬಿಯಾಗಿ ಅಲ್ಲಿಂದಲೇ ಹಾರಿಬರುವುದು. ಒಬ್ಬನ ಶ್ರದ್ಧೆಯು ಇನ್ನೊಬ್ಬನ ಅಜ್ಞಾನದಿಂದ ವ್ಯರ್ಥವಾಯಿತು. ಆದುದರಿಂದ ಗಿಡದ ರೋಗವು ಖಾಸಗಿ ಕಷ್ಟವಲ್ಲ, ಊರಿನ ಕಷ್ಟ. ಇದು ಒಪ್ಪಿತವಾದರೆ, ಆ ಕಷ್ಟವನ್ನು ಪರಿಹರಿಸುವ ಜ್ಞಾನವೂ ವೆಚ್ಚವೂ ಊರಿನವೇ ಆಗಬೇಕೆಂಬುದು ತಾನಾಗಿ ಸಿದ್ಧವಾಗುತ್ತದೆ. ನಾನು ಇಲ್ಲಿ ವಾದಿಸಬೇಕೆಂದಿರುವುದು ಇಷ್ಟೇ.

ಕಾಯಿದೆಯೇನೋ ಇಲ್ಲದಿಲ್ಲ. ದೇಶದ ಮಟ್ಟದಲ್ಲಿ ೧೯೧೪ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಹೊರದೇಶದಿಂದ ಬರುವ ಸಸಿ ಬೀಜಗಳ ತಪಾಸಣೆಗೆ ೨೦೦೩ರ ಸಸ್ಯ ದಿಗ್ಬಂಧನ ಆಜ್ಞೆಯಿದೆ. ರಾಜ್ಯದಲ್ಲಿ ೧೯೬೮ರ ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆಯಿದೆ. ಇಂತಹ ಶಾಸನಗಳ ಸಾಮಾನ್ಯ ಸ್ವರೂಪವು ವಕೀಲರಿಗೆಲ್ಲ ಗೊತ್ತಿರತಕ್ಕದ್ದೇ: ಸರ್ಕಾರವು ಪೀಡೆಯನ್ನು ಘೋಷಿಸುವುದು, ಹಿಡುವಳಿದಾರನಿಗೆ ಇಂತಿಂತಹ ಕೆಲಸ ಮಾಡೆಂದು ಆಜ್ಞಾಪಿಸುವುದು, ಅವನು ಮಾಡದಿದ್ದರೆ ಅಧಿಕಾರಿಯು ಮಾಡಿಸಿ ವೆಚ್ಚವನ್ನು ಅವನಿಂದಲೇ ವಸೂಲುಮಾಡುವುದು. ಆಜ್ಞೆ ಉಂಟು, ದಂಡವುಂಟು. ಆದರೆ ತೋಟದವನು ತಾನಾಗಿ ಮುಂದೆ ಬಂದು “ನನ್ನ ತೋಟಕ್ಕೆ ರೋಗ ಬಂದಿದೆ” ಎಂದು ಹೇಳುವಂತೆ ಮಾಡುವ ಉಪಾಯ ಅದರಲ್ಲಿ ಎಲ್ಲಿದೆ?

ಬಡ ಬೆಳೆಗಾರನ ಲೆಕ್ಕವನ್ನು ವಿಚಾರಮಾಡಿರಿ. ಫಲ ಕೊಡುವ ಒಂದು ಗಿಡವನ್ನು ಕಿತ್ತರೆ ಅದರ ಜಾಗದಲ್ಲಿ ನೆಟ್ಟ ಸಸಿ ಫಸಲಿಗೆ ಬರಲು ಮೂರು ನಾಲ್ಕು ವರ್ಷಗಳು ಬೇಕು. ಸೊರಗಿದ ಗಿಡವೂ ಈ ವರ್ಷ ಒಂದಿಷ್ಟು ಹಣ್ಣು ಕೊಟ್ಟೀತೆಂಬ ಆಸೆ ಅವನಿಗಿರುತ್ತದೆ. ಕೀಳುವ ಕೂಲಿ ಅವನದು, ನಷ್ಟ ಅವನದು, ಲಾಭ ಮಾತ್ರ ಊರಿಗೆಲ್ಲ. ಈ ಮಲೆಯಲ್ಲಿ ಕಾಡಾನೆ ತುಳಿದ ಬೆಳೆಗೆ ಅರಣ್ಯ ಇಲಾಖೆಯವರು ಪರಿಹಾರವನ್ನು ಕೊಡುವರು. ಸಾಲದೆಂದು ಜನ ದೂರಿದರೂ ತತ್ತ್ವವೇನೋ ಒಪ್ಪಿತವಾಗಿದೆ. ನೆರೆಯವರ ರಕ್ಷಣೆಗಾಗಿ ತನ್ನ ಗಿಡವನ್ನು ತಾನೇ ಸುಟ್ಟವನಿಗೆ ಅದೇ ತತ್ತ್ವವು ಏಕೆ ಅನ್ವಯಿಸಬಾರದು? ಮರುನಾಟಿಗೆ ಆಗಾಗ ಬರುವ ಸಹಾಯಧನವು ಯೋಜನೆಯ ಕೃಪೆಯೇ ಹೊರತು ಬೆಳೆಗಾರನ ಹಕ್ಕಲ್ಲ. ಹಕ್ಕಿಲ್ಲದಲ್ಲಿ ಮನುಷ್ಯನು ರೋಗವನ್ನು ಮುಚ್ಚಿಡುವನು. ಮುಚ್ಚಿಟ್ಟ ರೋಗವು ಹಬ್ಬುವುದು.

ಇನ್ನು ವಿಜ್ಞಾನದ ವಿಷಯ. ಪೂರ್ವಕಾಲದ ಎರಡು ನಿದರ್ಶನಗಳು ಇಲ್ಲಿ ಉಪಯುಕ್ತವಾಗಿವೆ.

೧೮೬೯ರಲ್ಲಿ ಸಿಂಹಳದ ಕಾಫಿ ಎಲೆಗಳ ಮೇಲೆ ಕಂಡ ಕಿತ್ತಳೆ ಬಣ್ಣದ ಹುಡಿಯನ್ನು ಪರೀಕ್ಷಿಸಿ ಬರ್ಕ್ಲಿ ಎಂಬ ಆಂಗ್ಲ ಪಂಡಿತನು ಅದಕ್ಕೆ ಹೆಮಿಲಿಯಾ ವಸ್ತಾತ್ರಿಕ್ಸ್ ಎಂದು ಹೆಸರಿಟ್ಟನು. ಅದೇ ನಮ್ಮವರು ಕರೆಯುವ ಎಲೆ ತುಕ್ಕು ರೋಗ. ಗುಡ್ಡ ಗುಡ್ಡಗಳನ್ನೇ ಆವರಿಸಿ ಬೇರೆ ಮರವಿಲ್ಲದಂತೆ ಕಾಫಿಯನ್ನು ನೆಟ್ಟಿದ್ದ ಆ ದ್ವೀಪದಲ್ಲಿ ಗಾಳಿಯು ಆ ಹುಡಿಯನ್ನು ತೋಟದಿಂದ ತೋಟಕ್ಕೆ ಹೊತ್ತೊಯ್ದಿತು. ಮಾರ್ಷಲ್ ವಾರ್ಡ್ ಎಂಬ ವಿದ್ವಾಂಸನನ್ನು ಸರ್ಕಾರವು ೧೮೮೦ರಲ್ಲಿ ಅಲ್ಲಿಗೆ ನಿಯಮಿಸಿತು. ಅವನು ಎರಡು ವರ್ಷ ದುಡಿದು ಬೂಷ್ಟಿನ ಜೀವನಕ್ರಮವನ್ನು ಚೆನ್ನಾಗಿ ಬಿಡಿಸಿ ತೋರಿಸಿದನು. ಆದರೆ ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು. ಸಿಂಹಳವು ಕಾಫಿಯನ್ನು ಬಿಟ್ಟು ಚಹದ ದ್ವೀಪವಾಯಿತು. ಆ ವೇಳೆಗೆ ರೋಗವು ಕಡಲನ್ನು ದಾಟಿ ದಕ್ಷಿಣ ಹಿಂದೂಸ್ಥಾನಕ್ಕೂ ಬಂದಿದ್ದಿತು. ಅದಕ್ಕೂ ಮುಂಚೆ ಕಾಂಡಕೊರಕದ ಹಾವಳಿಯನ್ನು ವಿಚಾರಿಸುವುದಕ್ಕಾಗಿ ಮದರಾಸು ಸರ್ಕಾರವು ಬಿಡೀ ಎಂಬ ವೈದ್ಯನನ್ನು ೧೮೬೭ರಲ್ಲಿ ಕೊಡಗು ಮೈಸೂರುಗಳಿಗೆ ಕಳುಹಿಸಿದ್ದಿತು. ನೆರಳಿನ ಅಗತ್ಯವನ್ನು ಅವನು ಅಂದೇ ಹೇಳಿದನು. ಆದರೆ ಪೀಡೆ ಬಂದಾಗ ಒಬ್ಬ ಪಂಡಿತನನ್ನು ಕರೆಸುವುದು, ಅದು ಇಳಿದೊಡನೆ ಅವನನ್ನು ಕಳುಹಿಸಿಬಿಡುವುದು, ಇದೇ ಆ ಕಾಲದ ಪದ್ಧತಿಯಾಗಿದ್ದಿತು.

ಇದಕ್ಕೆ ವ್ಯತಿರಿಕ್ತವಾದುದು ಎರಡನೆಯ ನಿದರ್ಶನ. ಮೈಸೂರು ಸೀಮೆಯಲ್ಲಿ ಕೆಂಟ್ ಎಂಬ ತೋಟದ ಯಜಮಾನನು ೧೯೧೧ರಲ್ಲಿ ತುಕ್ಕು ತಗಲದ ಒಂದು ಗಿಡವನ್ನು ತನ್ನ ತೋಟದಲ್ಲಿ ಆರಿಸಿದನು. ಕೆಂಟ್ಸ್ ಎಂಬ ಹೆಸರಿನಿಂದ ಆ ತಳಿ ಎಲ್ಲೆಡೆ ಹರಡಿತು, ಎಲ್ಲರೂ ನಿಶ್ಚಿಂತರಾದರು. ಆದರೆ ಕೆಲವೇ ವರ್ಷಗಳಲ್ಲಿ ಅದಕ್ಕೂ ತುಕ್ಕು ಹಿಡಿಯಿತು. ಏಕೆಂಬುದು ಯಾರಿಗೂ ತಿಳಿಯದು. ಅಷ್ಟರಲ್ಲಿ, ೧೯೨೫ರಲ್ಲಿ, ಮೈಸೂರು ಸರ್ಕಾರವು ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗಕ್ಷೇತ್ರವನ್ನು ತೆರೆದಿದ್ದಿತು. ಅಲ್ಲಿ ಮೇನ್ ಎಂಬ ವಿಜ್ಞಾನಿಯು ೧೯೩೨ರಲ್ಲಿ ಒಂದು ಸಂಗತಿಯನ್ನು ಪ್ರಪಂಚಕ್ಕೆ ಮೊಟ್ಟಮೊದಲು ತೋರಿಸಿಕೊಟ್ಟನು: ತುಕ್ಕು ರೋಗವು ಒಂದೇ ಅಲ್ಲ; ಅದರಲ್ಲಿ ಹಲವು ಪಂಗಡಗಳುಂಟು; ಒಂದು ಪಂಗಡವನ್ನು ತಡೆದ ಗಿಡವು ಮತ್ತೊಂದಕ್ಕೆ ಬಲಿಯಾಗಬಹುದು. ಲಿಬೇರಿಕಾ ಜಾತಿಯ ಸಂಬಂಧವುಳ್ಳ ಎಸ್. ೨೮೮ ಎಂಬ ತಳಿಯನ್ನು ಕೆಂಟ್ಸಿನೊಡನೆ ಕೂಡಿಸಿ, ಆ ಕ್ಷೇತ್ರದವರು ತಲೆಮಾರು ತಲೆಮಾರಾಗಿ ಗಿಡಗಳನ್ನು ಆರಿಸಿ, ೧೯೪೦ರ ದಶಕದಲ್ಲಿ ಎಸ್. ೭೯೫ ಎಂಬ ತಳಿಯನ್ನು ಬೆಳೆಗಾರರಿಗೆ ಕೊಟ್ಟರು. ನಮ್ಮ ಬೆಟ್ಟಗಳಲ್ಲಿ ಇಂದಿಗೂ ಅದು ಮನೆಮಾತಾಗಿದೆ.

ಒಬ್ಬ ಜಾಣ ತೋಟಗಾರನ ಕಣ್ಣು ಒಂದು ಒಳ್ಳೆಯ ಗಿಡವನ್ನು ಕಂಡುಹಿಡಿಯಬಲ್ಲದು. ಆದರೆ ಆ ಗಿಡ ಏಕೆ ಸೋತಿತೆಂದು ಕೇಳಿ, ಉತ್ತರಕ್ಕಾಗಿ ಹತ್ತು ಇಪ್ಪತ್ತು ವರ್ಷ ಕಾಯುವ ತಾಳ್ಮೆ ಯಾವ ವ್ಯಾಪಾರಿಗೂ ಇರಲಾರದು. ಅದು ಸಾರ್ವಜನಿಕ ಸಂಸ್ಥೆಗೆ ಮಾತ್ರ ಸಾಧ್ಯ. ಎಸ್. ೭೯೫ಕ್ಕೂ ಶಾಶ್ವತ ಅಭಯವಿಲ್ಲ. ಬೂಷ್ಟು ಹೊಸ ವೇಷವನ್ನು ಧರಿಸುತ್ತಲೇ ಇರುತ್ತದೆ. ಕಾಂಡಕೊರಕಕ್ಕಂತೂ ಇನ್ನೂ ನಿಲ್ಲತಕ್ಕ ಉತ್ತರ ದೊರೆತಿಲ್ಲ. ಆದುದರಿಂದ ಇಂತಹ ಸಂಶೋಧನಾಲಯವನ್ನು ವರ್ಷದ ಆದಾಯ ವೆಚ್ಚಗಳ ತಕ್ಕಡಿಯಲ್ಲಿ ತೂಗುವವರು, ಅಲ್ಲಿನ ಹುದ್ದೆಗಳನ್ನು ಖಾಲಿ ಬಿಟ್ಟು ಹಣ ಉಳಿಸಿದೆವೆನ್ನುವವರು, ದೀಪದ ಎಣ್ಣೆಯನ್ನು ಉಳಿಸಿ ಕತ್ತಲೆಯನ್ನು ಕೊಳ್ಳುವವರು.

ಜ್ಞಾನವಿದ್ದರೆ ಸಾಲದು, ಅದು ತೋಟಕ್ಕೆ ತಲುಪಬೇಕು. ಮೈಸೂರು ಸರ್ಕಾರದ ಸೇವೆಗೆ ೧೯೦೮ರಲ್ಲಿ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗವನ್ನು ಶೋಧಿಸಿ, ಮೈಲುತುತ್ತ ಸುಣ್ಣಗಳನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಸಿಂಪಡಿಸಬೇಕೆಂದು ವಿಧಿಸಿದರು. ಅದುವರೆಗೆ ಮಲೆನಾಡಿನವರು ಗೊನೆಗೊನೆಗೂ ಕೊಟ್ಟೆ ಕಟ್ಟಿ ಕಾಪಾಡುತ್ತಿದ್ದರು. ಹೊಸ ಮದ್ದನ್ನು ತೋಟದಲ್ಲಿಯೇ ಮಾಡಿ ತೋರಿಸಿದ ಮೇಲೆ ಅದು ಮನೆಮನೆಗೂ ಹೊಕ್ಕಿತು. ಇಂದು ಅದನ್ನು ಸಿಂಪಡಿಸದ ಅಡಕೆ ತೋಟಗಾರನೇ ವಿರಳ. ಕಣ್ಣಿಗೆ ಕಂಡ ವಿಜ್ಞಾನವನ್ನು ನಮ್ಮ ರೈತನು ಎಂದೂ ತಳ್ಳಿಹಾಕಿದವನಲ್ಲ.

ಕೊಳೆರೋಗವೆಂಬ ಮಾತಿನ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕಾಫಿಗೆ ಬರುವ ಕಪ್ಪು ಕೊಳೆಯ ಬೂಷ್ಟಿಗೆ ೧೯ನೆಯ ಶತಮಾನದ ಯುರೋಪಿನ ಪಂಡಿತರು ಹೆಸರಿಡುವಾಗ ನಮ್ಮ ಕನ್ನಡದ ‘ಕೊಳೆರೋಗ’ವನ್ನೇ ತಮ್ಮ ಲ್ಯಾಟಿನ್ ಹೆಸರಿನೊಳಗೆ ಸೇರಿಸಿಕೊಂಡರು. ಏಲಕ್ಕಿಯ ‘ಕಟ್ಟೆ’ ರೋಗವೂ ಪ್ರಪಂಚದ ಶಾಸ್ತ್ರಗ್ರಂಥಗಳಲ್ಲಿ ಅದೇ ಹೆಸರಿನಿಂದ ಪ್ರಸಿದ್ಧವಾಗಿದೆ. ರೋಗವನ್ನು ಮೊದಲು ಗುರುತಿಸಿ ಹೆಸರಿಟ್ಟವನು ನಮ್ಮ ಬೆಳೆಗಾರ; ಶಾಸ್ತ್ರವು ಆ ಹೆಸರನ್ನು ಸಾಲವಾಗಿ ಪಡೆಯಿತು. ಆದರೆ ಶಾಸ್ತ್ರವು ಕಂಡುಕೊಂಡ ಫಲವನ್ನು ಇಂಗ್ಲಿಷಿನ ವರದಿಗಳಲ್ಲಿ ಕಟ್ಟಿಟ್ಟು, ಕನ್ನಡದಲ್ಲಿ ನಾಲ್ಕು ಸಾಲಿನ ಕರಪತ್ರವನ್ನು ಮಾತ್ರ ಹಂಚಿದರೆ ಸಾಲ ತೀರಿತೇ? ಬಡ್ಡಿಯೂ ತೀರಲಿಲ್ಲವೆಂದು ನಾನು ಹೇಳುವೆನು.

ಕಾಯಿದೆಯು ಜನರನ್ನು ದೂರವಿಟ್ಟರೆ ಏನಾಗುವುದೆಂಬುದಕ್ಕೆ ಶ್ರೀಗಂಧದ ಕಥೆಯೇ ಸಾಕ್ಷಿ. ಗಂಧವು ರಾಜವೃಕ್ಷ, ರೈತನ ಹೊಲದಲ್ಲಿ ಹುಟ್ಟಿದರೂ ಮರ ಸರ್ಕಾರದ್ದು, ಕಾಯುವ ಹೊಣೆ ಮಾತ್ರ ರೈತನದು, ಎಂಬ ವ್ಯವಸ್ಥೆಯು ಬಹುಕಾಲ ನಡೆಯಿತು. ೧೯ನೆಯ ಶತಮಾನದ ಕೊನೆಯಲ್ಲಿ ಕೊಡಗಿನಲ್ಲಿ ಗಂಧಕ್ಕೆ ಸ್ಪೈಕ್ ಎಂಬ ರೋಗ ಕಂಡಿತು: ಎಲೆಗಳು ಕಿರಿದಾಗಿ ಮೊನೆಯಾಗಿ ನಿಂತು ಮರ ಸಾಯುವುದು. ಅದು ಕೊಡಗಿನ ಗಡಿಯನ್ನು ಕೇಳದೆ ಮೈಸೂರು ಸೀಮೆಯನ್ನೂ ಹೊಕ್ಕಿತು. ಕೋಲ್ಮನ್ನರು ೧೯೧೭ರಲ್ಲಿ ಅದು ಕಸಿಯಿಂದ ಅಂಟುವ ರೋಗವೆಂದು ತೋರಿಸಿದರು. ಅದರ ನಿಜವಾದ ಕಾರಣವು ಸೂಕ್ಷ್ಮದರ್ಶಕಕ್ಕೆ ಕಂಡದ್ದು ೧೯೬೯ರಲ್ಲಿ. ತನ್ನ ಹೊಲದ ಮರಕ್ಕೆ ತಾನೇ ಪರಕೀಯನಾದ ರೈತನು ಅದರ ರೋಗವನ್ನು ಏಕೆ ಗಮನಿಸಿಯಾನು, ಏಕೆ ವರದಿಮಾಡಿಯಾನು? ೨೦೦೧ರ ತಿದ್ದುಪಡಿಯಿಂದ ಕರ್ಣಾಟಕದಲ್ಲಿ ಮರದ ಒಡೆತನವು ಭೂಮಿಯ ಒಡೆಯನಿಗೆ ಬಂದಿತು. ಒಳ್ಳೆಯದೇ, ಆದರೆ ಅಷ್ಟರಲ್ಲಿ ಒಂದು ಶತಮಾನವೇ ಕಳೆದಿದ್ದಿತು.

ಅಂದು ಮಲೆನಾಡು ಮೈಸೂರು ಸಂಸ್ಥಾನ, ಕೊಡಗು, ಮದರಾಸು ಪ್ರಾಂತ ಎಂದು ಹರಿದು ಹಂಚಿಹೋಗಿದ್ದಿತು. ಒಂದೇ ಬೆಟ್ಟಸಾಲಿನ ಗಿಡಕ್ಕೆ ಮೂರು ಸರ್ಕಾರಗಳು. ೧೯೫೬ರ ನವೆಂಬರ್ ೧ರಂದು ನಾಡು ಬಹುಮಟ್ಟಿಗೆ ಒಂದಾಯಿತು. ಆದರೆ ನಾಡು ಒಂದಾದರೂ ಗಿಡದ ವಿದ್ಯೆ ಒಂದಾಗಲಿಲ್ಲ. ಕೆ. ಹೊಸಕೋಟೆಯ ಒಂದೆಕರೆ ತೋಟದಲ್ಲಿ ಕಾಫಿಯಿದೆ. ನೆರಳಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ. ತಗ್ಗಿನಲ್ಲಿ ಅಡಕೆಯೂ ಏಲಕ್ಕಿಯೂ ಇವೆ. ಕಾಫಿಯ ಸಂಶೋಧನೆ ೧೯೪೨ರ ಕಾಯಿದೆಯಿಂದ ನಡೆಯುವ ಕಾಫಿ ಮಂಡಳಿಗೆ ಸೇರಿದುದು. ಆ ಮಂಡಳಿಯು ಕೇಂದ್ರದ ವಾಣಿಜ್ಯ ಇಲಾಖೆಯ ಕೆಳಗಿದೆ. ಏಲಕ್ಕಿಯು ಸಾಂಬಾರ ಮಂಡಳಿಯದು. ಮೆಣಸಿನ ಸೊರಗು ರೋಗಕ್ಕೆ ಕೋಳಿಕ್ಕೋಡಿನ ಸಂಸ್ಥೆ, ಅಡಕೆಗೆ ಕಾಸರಗೋಡಿನ ಸಂಸ್ಥೆ. ಇವೆರಡೂ ಕೃಷಿ ಸಂಶೋಧನಾ ಪರಿಷತ್ತಿನವು. ನೆರಳಿನ ಮರವನ್ನು ಕಡಿಯಬೇಕಾದರೆ ಅರಣ್ಯ ಇಲಾಖೆ. ತೋಟ ಒಂದು, ಯಜಮಾನರು ನಾಲ್ವರು. ರೋಗ ಬಂದಾಗ ಮಾತ್ರ ರೈತನೊಬ್ಬನೇ.

ಸಂವಿಧಾನವೂ ಈ ಹೊಣೆಯನ್ನು ಮೂರು ಕಡೆ ಹಂಚಿದೆ. ಏಳನೆಯ ಅನುಸೂಚಿಯಲ್ಲಿ ಕೃಷಿಯೂ ಸಸ್ಯರೋಗಗಳ ತಡೆಯೂ ರಾಜ್ಯಪಟ್ಟಿಯ ೧೪ನೆಯ ಬಾಬು. ಒಂದು ರಾಜ್ಯದಿಂದ ಮತ್ತೊಂದಕ್ಕೆ ಸಸ್ಯಪೀಡೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ ೨೯ನೆಯ ಬಾಬು. ಅಂತರರಾಜ್ಯ ದಿಗ್ಬಂಧನವು ಕೇಂದ್ರಪಟ್ಟಿಯ ೮೧ನೆಯ ಬಾಬು. ಮೂವರಿಗೂ ಅಧಿಕಾರವಿದೆಯೆಂಬುದು ಇದರ ಅರ್ಥ. ಆದರೆ ಪ್ರತಿಯೊಬ್ಬನೂ ಇದು ಇನ್ನೊಬ್ಬನ ಕೆಲಸವೆಂದು ಹೇಳಲು ಅವಕಾಶವಾಗಿದೆ. ೧೯೯೦ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಫಿಯ ಕಾಯಿಕೊರಕ ಮೊದಲು ಕಂಡಿತು. ಅಲ್ಲಿಂದ ವೈನಾಡು, ಕೊಡಗು. ಮೂರು ರಾಜ್ಯಗಳ ಗಡಿಗಳನ್ನು ಅದು ಚೆಕ್‌ಪೋಸ್ಟಿನಲ್ಲಿ ನಿಲ್ಲದೆ ದಾಟಿತು. ಈ ಎಲ್ಲವನ್ನೂ ಒಂದೇ ಪ್ರಾಧಿಕಾರದ ಕೆಳಗೆ ತರುವುದಕ್ಕಾಗಿ ೨೦೧೩ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಕೃಷಿ ಜೈವಿಕ ಸುರಕ್ಷತಾ ಮಸೂದೆಯು ಮರುವರ್ಷ ಸಭೆಯೊಡನೆಯೇ ಗತಿಸಿತು.

ಬಾಗಿಲನ್ನು ಕಾಯುವುದರಿಂದ ಫಲವಿಲ್ಲವೆಂದು ಯಾರೂ ಹೇಳಬಾರದು. ಸಿಂಹಳವನ್ನು ಕೆಡಿಸಿದ ತುಕ್ಕು ರೋಗವು ಬ್ರೆಜಿಲ್ ದೇಶದಲ್ಲಿ ಕಂಡದ್ದು ೧೯೭೦ರಲ್ಲಿ. ನೂರು ವರ್ಷಗಳ ಬಿಡುವು ಆ ದೇಶಕ್ಕೆ ದೊರೆಯಿತು. ಕೀನ್ಯದಲ್ಲಿ ೧೯೨೨ರಲ್ಲಿ ಕಂಡ ಕಾಫಿ ಕಾಯಿಯ ಕಪ್ಪು ರೋಗವು ಆಫ್ರಿಕಾ ಖಂಡವನ್ನು ದಾಟಿ ನಮ್ಮಲ್ಲಿಗೆ ಬಂದಿಲ್ಲ. ಪ್ರವಾಸದಿಂದ ಬರುವವನು ಜೇಬಿನಲ್ಲಿ ತರುವ ಒಂದು ಹಿಡಿ ಬೀಜ ಈ ಭಾಗ್ಯವನ್ನು ಕೆಡಿಸಲು ಸಾಕು. ಹೊರಗಿನ ಬಾಗಿಲಿನಂತೆಯೇ ಒಳಗಿನ ಬಾಗಿಲೂ ಉಂಟು: ಯಾವ ತಪಾಸಣೆಯೂ ಇಲ್ಲದೆ ಲಾರಿಗಳಲ್ಲಿ ಬಂದಿಳಿಯುವ ಮೆಣಸಿನ, ಏಲಕ್ಕಿಯ, ಅಡಕೆಯ ಸಸಿಗಳು.

ಆದುದರಿಂದ ನಮ್ಮ ಬೇಡಿಕೆಗಳು ಇವು. ಮೊದಲನೆಯದು, ರೋಗವನ್ನು ತಾನಾಗಿ ತಿಳಿಸಿ ಗಿಡವನ್ನು ಕಿತ್ತು ಸುಟ್ಟ ಬೆಳೆಗಾರನಿಗೆ ಪರಿಹಾರವು ಕಾಯಿದೆಯ ಹಕ್ಕಾಗತಕ್ಕದ್ದು. ಮುಚ್ಚಿಟ್ಟವನಿಗೆ ಮಾತ್ರ ದಂಡ. ಎರಡನೆಯದು, ದುಂಬಿ ಹಾರುವ ಕಾಲಕ್ಕೂ ಮಳೆಗೂ ಮುಂಚೆ ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಶಾಲೆಗಳಲ್ಲಿ ತಿಳಿಗನ್ನಡದ ಎಚ್ಚರಿಕೆಯು ಪ್ರಕಟವಾಗತಕ್ಕದ್ದು. ಸಂಶೋಧನಾಲಯದ ವರದಿಗಳು ಪೂರ್ಣವಾಗಿ ಕನ್ನಡದಲ್ಲಿಯೂ ದೊರೆಯತಕ್ಕದ್ದು. ಮೂರನೆಯದು, ಸಸಿ ಮಾರುವವನು ಅದು ನಿರೋಗಿಯೆಂಬ ಪ್ರಮಾಣಪತ್ರವಿಲ್ಲದೆ ಮಾರಕೂಡದು. ನಾಲ್ಕನೆಯದು, ಮಲೆನಾಡಿನ ಪ್ರತಿ ಹೋಬಳಿಯಲ್ಲಿ ನಾಲ್ಕು ಇಲಾಖೆಗಳ ಪರವಾಗಿಯೂ ಉತ್ತರ ಹೇಳತಕ್ಕ ಒಬ್ಬ ಸಸ್ಯವೈದ್ಯನಿರಬೇಕು. ಅವನ ಮೇಲೆ ಕರ್ಣಾಟಕ, ಕೇರಳ, ತಮಿಳುನಾಡುಗಳು ಕೂಡಿ ನಡೆಸುವ ಒಂದು ಸಮಿತಿಯಿರಬೇಕು.

ಸಾರ್ವಜನಿಕರ ಹಣದಿಂದ ಖಾಸಗಿ ತೋಟವನ್ನು ಪೋಷಿಸುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ಬೆಂಕಿ ಬಿದ್ದ ಮನೆಯೂ ಖಾಸಗಿಯದೇ. ಅದನ್ನು ಆರಿಸುವುದಕ್ಕೆ ಪುರಸಭೆಯ ನೀರನ್ನು ಸುರಿಯುವಾಗ ನಾವು ಮನೆಯ ಯಜಮಾನನ ಆದಾಯವನ್ನು ಕೇಳುವುದಿಲ್ಲ. ಬೀದಿಯನ್ನು ಉಳಿಸುವುದಕ್ಕಾಗಿ ಸುರಿಯುತ್ತೇವೆ. ಪರಿಹಾರದ ಆಸೆಗೆ ಜನ ಆರೋಗ್ಯವಾದ ಗಿಡವನ್ನೂ ಕಿತ್ತಾರೆಂಬುದು ಇನ್ನೊಂದು ಆಕ್ಷೇಪ. ಕಾಂಡವನ್ನು ಸೀಳಿದರೆ ಸುರಂಗವು ಕಣ್ಣಿಗೆ ಕಾಣುವುದು. ಇಷ್ಟು ಸ್ಪಷ್ಟವಾದ ಸಾಕ್ಷ್ಯವು ನ್ಯಾಯಸ್ಥಾನದಲ್ಲಿಯೂ ಅಪರೂಪ.

ಉಪಾಧ್ಯಾಯ ಮಿತ್ರರಲ್ಲಿ ಒಂದು ವಿಶೇಷ ಬಿನ್ನಹ. ನಮ್ಮ ಹೋಬಳಿಯ ಮಕ್ಕಳಲ್ಲಿ ಬಹುಮಂದಿ ತೋಟದ ದಾರಿಯಲ್ಲಿಯೇ ಶಾಲೆಗೆ ನಡೆದುಬರುವರು. ಉಬ್ಬುಗೆರೆಯ ಕಾಂಡ ಯಾವುದು, ತುಕ್ಕಿನ ಹುಡಿ ಯಾವುದು, ಕಟ್ಟೆ ಹಿಡಿದ ಏಲಕ್ಕಿಯ ಎಲೆ ಯಾವುದು ಎಂಬುದನ್ನು ಅವರಿಗೆ ಗಿಡದ ಬುಡದಲ್ಲಿಯೇ ನಿಲ್ಲಿಸಿ ತೋರಿಸಿರಿ. ಸೆಪ್ಟೆಂಬರಿನಲ್ಲಿ ಒಂದು ದಿನ, ಮಾರ್ಚಿನಲ್ಲಿ ಒಂದು ದಿನ ಇದಕ್ಕೆ ಸಾಕು. ಸರ್ಕಾರದ ಆಜ್ಞೆಗಾಗಿ ಕಾಯಬೇಕಾದ ಕೆಲಸ ಇದಲ್ಲ. ಉಳಿದುದನ್ನು ಕೇಳಿ ಪಡೆಯುವ ಕೆಲಸ ದೊಡ್ಡವರದು. ಬೆಳೆಗಾರರ ಸಂಘಗಳೂ ಪಂಚಾಯಿತಿಗಳೂ ಮೇಲಿನ ನಾಲ್ಕು ಬೇಡಿಕೆಗಳನ್ನು ಠರಾವುಮಾಡಿ, ಮುಂದಿನ ದುಂಬಿ ಹಾರುವುದಕ್ಕೆ ಮುಂಚೆ ಶಾಸನಸಭೆಯ ಸದಸ್ಯರ ಕೈಗೆ ಮುಟ್ಟಿಸಲಿ.